ಸರದಿ ಚೀಟಿಯಾದ ನನ್ನ ಮೂರನೇ ಅಧ್ಯಾಯ

ನನ್ನ ಕೈಲಿ ಡಿಗ್ರಿ ಆಗುವುದಿಲ್ಲ ಎಂದು ಮೊದಲು ಹೇಳಿದವನು ದೊಡ್ಡಪ್ಪನ ಮಗ, ನನ್ನ ಅಣ್ಣ. ದೇವನಹಳ್ಳಿ ಬಸ್‌ಸ್ಟ್ಯಾಂಡ್ ಪಕ್ಕದ ಹೋಟೆಲಿನ ಮುಂದೆ, ಸೈಟು ನೋಡಲು ಬಂದ ನಾಲ್ಕು ಜನರ ಎದುರಿಗೇ ಹೇಳಿದ. ಅವನು ಸೈಟು ತೋರಿಸುವವನು, ನಾನು ಆ ನಾಲ್ವರನ್ನು ಕಾರಿನಲ್ಲಿ ಕರೆತಂದವನು. ನನ್ನ ಡ್ಯಾಶ್‌ಬೋರ್ಡಿನ ಮೇಲೆ ಬಿದ್ದಿದ್ದ ಸಮಾಜಶಾಸ್ತ್ರದ ಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದೇನ್ಲಾ, ಇನ್ನೂ ಬಿಟ್ಟಿಲ್ವಾ? ಡಿಗ್ರಿ ಅನ್ನೋದು ಕೂತು ಓದೋರಿಗೆ ಕಣ್ಲಾ," ಎಂದ.

"ನಾನೂ ದಿನವೆಲ್ಲ ಕೂತೇ ಇರ್ತೀನಲ್ಲಣ್ಣ."

"ಡ್ರೈವರ್ ಸೀಟಲ್ಲಿ ಕೂತಿರೋದು ಲೆಕ್ಕಕ್ಕಿಲ್ಲ ಕಣೋ."

ಬಂದವರು ನಕ್ಕರು. ನಾನೂ ನಕ್ಕೆ, ಅವರಿಗಿಂತ ಜೋರಾಗಿ.

ಅವನು ಹೇಳಿದ್ದಕ್ಕೆ ಆಧಾರವಿತ್ತು. ನಮ್ಮ ಮನೆಯಲ್ಲಿ ಹತ್ತನೇ ತರಗತಿ ದಾಟಿದ ಮೊದಲನೆಯವನು ನಾನು. ದಾಟಿದೆ ಎನ್ನುವುದಕ್ಕಿಂತ ಉರುಳಿಕೊಂಡು ಆಚೆ ಬಿದ್ದೆ ಎಂದರೆ ಸರಿ. ಹೊಸಕೋಟೆಯಲ್ಲಿ ಪಿಯುಸಿ ಓದುವಾಗ ಇಂಗ್ಲಿಷ್ ಪರೀಕ್ಷೆಯನ್ನು ಮೂರು ಸಲ ಬರೆದೆ. ಮೂರನೇ ಸಲ ಕೊಠಡಿಯ ಮೇಲ್ವಿಚಾರಕರು ನನ್ನನ್ನು ಕಂಡು, ಬಹಳ ದಿನದ ಮೇಲೆ ಸಿಕ್ಕ ನೆಂಟನನ್ನು ಮಾತಾಡಿಸುವಂತೆ "ಚೆನ್ನಾಗಿದೀಯೇನಪ್ಪಾ?" ಎಂದು ವಿಚಾರಿಸಿದ್ದರು. ಆಮೇಲೆ ಡಿಗ್ರಿ ಕಾಲೇಜಿಗೆ ಸೇರಿ ಒಂದೇ ವರ್ಷಕ್ಕೆ ಬಿಟ್ಟೆ. ಅಷ್ಟರಲ್ಲಿ ದೇವನಹಳ್ಳಿಗೆ ಏರ್‌ಪೋರ್ಟ್ ಬಂದಿತ್ತು. ನಮ್ಮ ಸಮೇತನಹಳ್ಳಿ ಸುತ್ತಿನ ನನ್ನ ವಯಸ್ಸಿನವರೆಲ್ಲ ಲೈಸೆನ್ಸ್ ಮಾಡಿಸಿಕೊಂಡು ಬೂದಿಗೆರೆ ರಸ್ತೆ ಹಿಡಿದಿದ್ದರು. ನಾನೂ ಹಿಡಿದೆ. ನಾಲ್ಕು ವರ್ಷ ಬೇರೆಯವರ ಕಾರು, ಆಮೇಲೆ ನನ್ನದೇ.

ಓದಿನ ಹುಚ್ಚು ಮಾತ್ರ ಬಿಡಲಿಲ್ಲ. ದೂರಶಿಕ್ಷಣದಲ್ಲಿ ಬಿ.ಎ.ಗೆ ಸೇರಿದೆ. ಒಂದು ವರ್ಷ ಎರಡು ಪೇಪರ್ ಪಾಸು, ಇನ್ನೊಂದು ವರ್ಷ ಒಂದು, ಮತ್ತೊಂದು ವರ್ಷ ಪರೀಕ್ಷೆಯ ದಿನವೇ ಒಬ್ಬರನ್ನು ತಿರುಪತಿಗೆ ಬಿಡಲು ಹೋಗಿದ್ದೆ. ಹೀಗೆ ನಡೆದು ಕೊನೆಗೆ ಉಳಿದದ್ದು ಒಂದೇ: ಪ್ರಾಜೆಕ್ಟ್ ವರದಿ. ಐವತ್ತು ಪುಟ, ಸ್ವಂತ ಅಧ್ಯಯನ, ಟೈಪ್ ಮಾಡಿ ಬೈಂಡ್ ಮಾಡಿಸಿ ಕೊಡಬೇಕು, ಆಮೇಲೆ ಮೌಖಿಕ ಪರೀಕ್ಷೆ. ಅಧ್ಯಯನ ಕೇಂದ್ರದ ಮೇಡಂ ನನ್ನ ಫೈಲು ತಿರುವಿ ನೋಡಿ, "ನಿಮ್ಮ ನೋಂದಣಿಗೆ ಇದೇ ಕೊನೇ ವರ್ಷ ಕಣ್ರೀ. ಈ ಸಲ ವರದಿ ಕೊಡಲಿಲ್ಲ ಅಂದ್ರೆ ಪಾಸಾಗಿರೋದೂ ಸೇರಿ ಎಲ್ಲ ಹೋಗುತ್ತೆ. ಮತ್ತೆ ಮೊದಲನೇ ವರ್ಷದಿಂದ ಶುರು," ಎಂದರು. ಎಂಟು ವರ್ಷದಿಂದ ಎಳೆದುಕೊಂಡು ಬಂದದ್ದು ಐವತ್ತು ಪುಟದ ಮೇಲೆ ನಿಂತಿತು.

ವಿಷಯ ಹುಡುಕಲು ನಾನು ದೂರ ಹೋಗಲಿಲ್ಲ, ಕಾರಿನಿಂದ ಇಳಿಯಲೂ ಇಲ್ಲ. ಏರ್‌ಪೋರ್ಟ್ ಪಾರ್ಕಿಂಗಿನಲ್ಲಿ ನಾವು ಡ್ರೈವರ್‌ಗಳು ಬಾಡಿಗೆಗಾಗಿ ಸಾಲಿನಲ್ಲಿ ಕಾಯುತ್ತೇವೆ. ಮುಂದಿನ ಕಾರು ಹೊರಟರೆ ಹಿಂದಿನವೆಲ್ಲ ಒಂದೊಂದು ಹೆಜ್ಜೆ ಮುಂದೆ ಸರಿಯಬೇಕು. ತಿಂಡಿಗೋ ಸ್ನಾನಕ್ಕೋ ಹೋಗುವವನು ಹಿಂದಿನ ಕಾರಿನವನ ಕೈಗೆ ತನ್ನ ಕೀ ಕೊಟ್ಟು ಹೋಗುತ್ತಾನೆ, ಅವನು ಎರಡೂ ಕಾರು ಸರಿಸುತ್ತಾನೆ. ಅವನಿಗೂ ಹಸಿವಾದರೆ ಎರಡೂ ಕೀ ಮೂರನೆಯವನಿಗೆ. ಯಾರ ಕೀ ಯಾರ ಹತ್ತಿರ ಇದೆ ಎನ್ನುವುದನ್ನು ಕಾರಿನ ನಂಬರು ಹಾಕಿ ಒಂದು ಚೀಟಿಯಲ್ಲಿ ಬರೆದು ಸಾಲಿನ ಮೊದಲ ಕಾರಿನ ವೈಪರಿಗೆ ಸಿಕ್ಕಿಸುತ್ತಿದ್ದೆವು. ಇದಕ್ಕೆ ಸರದಿ ಚೀಟಿ ಎಂದು ಹೆಸರು. ಮೊದಲ ಕಾರಿಗೆ ಬಾಡಿಗೆ ಸಿಕ್ಕಿದ ಕೂಡಲೇ ಚೀಟಿ ಎರಡನೆಯದಕ್ಕೆ ದಾಟಬೇಕು. ಎಷ್ಟೋ ಸಲ ಡ್ರೈವರ್ ಖುಷಿಯಲ್ಲಿ ಮರೆತು, ಚೀಟಿಯ ಸಮೇತ ಬನಶಂಕರಿಗೆ ಹೋಗಿಬಿಡುತ್ತಿದ್ದ. ಆಗ ಇಡೀ ಸಾಲು ತಮ್ಮ ತಮ್ಮ ಕೀ ಹುಡುಕಿಕೊಂಡು ಅಲೆಯುತ್ತಿತ್ತು. ಯಾರೂ ಹೇಳಿಕೊಡದೆ ಡ್ರೈವರ್‌ಗಳು ತಮ್ಮಷ್ಟಕ್ಕೆ ತಾವೇ ಕಟ್ಟಿಕೊಂಡ ಈ ವ್ಯವಸ್ಥೆಯೇ ನನ್ನ ವರದಿಯ ವಿಷಯ. ಮೇಡಂ ಒಪ್ಪಿದರು. ನಾನು ಅವತ್ತೇ ಅರ್ಧ ಸಮಾಜಶಾಸ್ತ್ರಜ್ಞನಾದೆ.

ಮೊದಲು ನೋಟ್‌ಬುಕ್ಕಿನಲ್ಲಿ ಬರೆದು, ಹೊಸಕೋಟೆಯ ಸೈಬರ್ ಸೆಂಟರಿನಲ್ಲಿ ಟೈಪ್ ಮಾಡಿಸಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡೆ. ಪೆನ್‌ಡ್ರೈವನ್ನು ಕಾರಿನ ಮ್ಯೂಸಿಕ್ ಸಿಸ್ಟಮ್ಮಿಗೆ ಚುಚ್ಚಿ ಹಾಡು ಹಾಕಲು ಹೋದೆ. ಹಾಡೂ ಬರಲಿಲ್ಲ, ಹನ್ನೆರಡು ಪುಟವೂ ಉಳಿಯಲಿಲ್ಲ. ಈ ಕಥೆ ಹೇಳಿದಾಗ ಮೇಡಂ ಹಣೆ ಒತ್ತಿಕೊಂಡು, "ಆನ್‌ಲೈನ್‌ನಲ್ಲಿ ಬರೀರಿ. ಫೋನಲ್ಲಿ ಶುರು ಮಾಡಿ ಕಂಪ್ಯೂಟರಲ್ಲಿ ಮುಗಿಸಬಹುದು. ಏನೂ ಕಳೆಯಲ್ಲ," ಎಂದು ಅವರೇ ನನ್ನ ಫೋನಿನಲ್ಲಿ ಒಂದು ಖಾಲಿ ಡಾಕ್ಯುಮೆಂಟ್ ತೆರೆದುಕೊಟ್ಟರು. ತೆರೆಯುವಾಗ ನನ್ನ ಖಾತೆಯ ಹೆಸರು ನೋಡಿ, "ಯಾರ್ರೀ ಇದು ರೋಡ್ ಕಿಂಗ್?" ಎಂದರು. ಮೊದಲ ಸ್ಮಾರ್ಟ್‌ಫೋನ್ ಕೊಂಡ ವಯಸ್ಸಿನಲ್ಲಿ ಇಟ್ಟುಕೊಂಡ ಹೆಸರು. ಬದಲಾಯಿಸುವುದು ಹೇಗೆಂದು ಗೊತ್ತಿರಲಿಲ್ಲ. ಹೀಗಾಗಿ ವಿಶ್ವವಿದ್ಯಾಲಯದ ಘನ ಅಧ್ಯಯನವೊಂದನ್ನು ರೋಡ್ ಕಿಂಗ್ ಬರೆಯತೊಡಗಿದ.

ಮೊದಲ ವಾರ ನನ್ನ ಅವಸ್ಥೆ ಹೇಳತೀರದು. ಅದರಲ್ಲಿ ಸೇವ್ ಮಾಡುವ ಗುಂಡಿಯೇ ಇಲ್ಲ. ತಾನಾಗಿಯೇ ಉಳಿಯುತ್ತದೆ ಎಂದು ಮೇಡಂ ಹೇಳಿದ್ದರೂ, ನಾನು ಮುಟ್ಟದೆ ಅದು ಹೇಗೆ ಉಳಿದೀತು ಎಂಬ ಅನುಮಾನ. ಪ್ರತಿ ಪುಟದ ಫೋಟೋ ಹಿಡಿದಿಟ್ಟುಕೊಂಡೆ. ಬರೆದದ್ದೆಲ್ಲ ಫೋನಿನೊಳಗೇ ಇದೆ ಎಂದು ನಂಬಿ, ಫೋನನ್ನು ಕರವಸ್ತ್ರದಲ್ಲಿ ಸುತ್ತಿ ಇಡುತ್ತಿದ್ದೆ. ಒಂದು ದಿನ ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ನನ್ನ ಖಾತೆ ತೆರೆದಾಗ, ಬೆಳಿಗ್ಗೆ ಪಾರ್ಕಿಂಗಿನಲ್ಲಿ ಅರ್ಧಕ್ಕೆ ಬಿಟ್ಟಿದ್ದ ವಾಕ್ಯ ಅಲ್ಲಿ ಅರ್ಧಕ್ಕೇ ನಿಂತು ನನ್ನನ್ನು ಕಾಯುತ್ತಿತ್ತು. ನನಗಿಂತ ಮೊದಲೇ ಹೊಸಕೋಟೆ ತಲುಪಿದೆಯಲ್ಲ ಎಂದು ಬೆರಗಾದೆ. ಫೋಟೋಗಳನ್ನೆಲ್ಲ ಅಳಿಸಿಬಿಟ್ಟೆ. ಹೆದರಿಕೆ ಹೋಗಿ ಧೈರ್ಯ ಬಂತು. ನನಗೆ ಬಂದ ಅನಾಹುತವೆಲ್ಲ ಧೈರ್ಯ ಬಂದ ಮೇಲೆಯೇ ಬಂದದ್ದು.

ಇಲ್ಲಿ ನನ್ನ ಹೆಂಡತಿಯ ವಿಷಯ ಹೇಳಬೇಕು. ಅವಳು ನನ್ನ ಸೋದರಮಾವನ ಮಗಳು. ಪಿಯುಸಿಯಲ್ಲಿ ಫಸ್ಟ್ ಕ್ಲಾಸ್, ಅದೂ ಒಂದೇ ಸಲಕ್ಕೆ. ಮುಂದೆ ಓದುತ್ತೇನೆ ಎಂದಿದ್ದಳಂತೆ. ಮಾವ ಸಾಕು ಎಂದರು. ಅವಳನ್ನು ನನಗೆ ಕೊಟ್ಟು, ಅಳಿಯ ಡಿಗ್ರಿ ಓದುತ್ತಿದ್ದಾನೆ ಎಂದು ಊರ ತುಂಬ ಹೇಳಿಕೊಂಡು ತಿರುಗಿದರು. ಅವಳಿಗೆ ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಅವಳ ಶಿಫ್ಟು, ನನ್ನ ಬಾಡಿಗೆ. ಒಬ್ಬರ ಮುಖ ಒಬ್ಬರು ನೋಡುವುದೇ ವಾರಕ್ಕೆರಡು ಸಲ. ಕಾಗುಣಿತ ಒಂದಷ್ಟು ನೋಡು ಎಂದು ಡಾಕ್ಯುಮೆಂಟನ್ನು ಅವಳ ಫೋನಿಗೂ ತೆರೆಯುವಂತೆ ಮಾಡಿದೆ. ಉಪಕಾರ ಮಾಡುವವನ ಧಾಟಿಯಲ್ಲಿ ಮಾಡಿದೆ ಎನ್ನುವುದನ್ನೂ ಹೇಳಿಬಿಡುತ್ತೇನೆ.

ಮಾರನೇ ದಿನ ನೋಡಿದರೆ ಪುಟದ ಬಲಕ್ಕೆ ಅವಳ ಟಿಪ್ಪಣಿಗಳು ಸಾಲಾಗಿ ನಿಂತಿದ್ದವು. ನಾನು "ಆಧುನಿಕ ನಾಗರಿಕತೆಯ ನಾಗಾಲೋಟದ ಈ ಯುಗದಲ್ಲಿ ಸಾರಿಗೆ ಎಂಬ ಮಹಾನ್ ವ್ಯವಸ್ಥೆಯು" ಎಂದು ಆರಂಭಿಸಿದ್ದೆ. ಅದರ ಪಕ್ಕ ಅವಳು, "ಯಾರ್ ಬಾವ ಇದು ಮಾತಾಡ್ತಿರೋದು? ನೀನಂತೂ ಅಲ್ಲ," ಎಂದು ಬರೆದಿದ್ದಳು. ಕೆಳಗೆ ಹನ್ನೊಂದು ಸಾಲಿನ ಒಂದು ವಾಕ್ಯಕ್ಕೆ, "ಇದು ಹೊಸಕೋಟೆ ಬಿಟ್ಟು ದೊಡ್ಡಬಳ್ಳಾಪುರ ಸುತ್ಕೊಂಡು ದೇವನಹಳ್ಳಿಗೆ ಬಂದೈತೆ. ನೆಟ್ಟಗೆ ಬಾ." ಅದರ ಕೆಳಗೆ, "ಬರ್ತಾ ತೊಗರಿಬೇಳೆ ತಗೊಂಬಾ."

ನನಗೆ ಸಿಟ್ಟು ಬಂತು. ಉತ್ತರವಾಗಿ, "ಇದು ಶೈಕ್ಷಣಿಕ ಭಾಷೆ, ನಿನಗೆ ಅರ್ಥವಾಗುವುದಿಲ್ಲ," ಎಂದು ಬರೆದೆ.

"ನಂಗೆ ಅರ್ಥ ಆಗ್ಲಿಲ್ಲ ಸರಿ. ನಿಂಗೆ ಆಯ್ತಾ?" ಎಂದು ತಿರುಗಿ ಬರೆದಳು.

ನಾನು ಆ ವಾಕ್ಯವನ್ನು ಮೂರು ಸಲ ಓದಿದೆ. ಆಗಲಿಲ್ಲ. ತೊಗರಿಬೇಳೆ ಮಾತ್ರ ತಂದೆ.

ಹೀಗೆ ಒಂದು ಪದ್ಧತಿ ಬೆಳೆಯಿತು. ನಾನು ಸಾಲಿನಲ್ಲಿ ಕಾಯುತ್ತ ಫೋನಿಗೆ ಬಾಯಲ್ಲಿ ಹೇಳುತ್ತಿದ್ದೆ, ಅದು ಅಕ್ಷರ ಮಾಡಿಕೊಳ್ಳುತ್ತಿತ್ತು. ಮಧ್ಯಾಹ್ನ ಒಂದು ಗಂಟೆಗೆ, ಕಾರ್ಖಾನೆಯ ಊಟದ ಬಿಡುವಿನಲ್ಲಿ, ಅವಳು ತೆರೆದು ತಿದ್ದುತ್ತಿದ್ದಳು. ಪರದೆಯ ಮೇಲೆ ಅವಳ ಹೆಸರು ಹೊತ್ತ ಹಸಿರು ಗೆರೆಯೊಂದು ನನ್ನ ಸಾಲುಗಳ ನಡುವೆ ಮಿನುಗುತ್ತ ಓಡಾಡುವುದನ್ನು ನಾನು ಪಾರ್ಕಿಂಗಿನಲ್ಲಿ ಕೂತು ನೋಡುತ್ತಿದ್ದೆ. ಒಂದು ಪದದ ಹತ್ತಿರ ಬಂದು ನಿಲ್ಲುತ್ತಿತ್ತು, ಯೋಚಿಸುತ್ತಿತ್ತು, ಪದ ಮಾಯವಾಗುತ್ತಿತ್ತು. ಆ ತಿಂಗಳುಗಳಲ್ಲಿ ನಾವು ಗಂಡ ಹೆಂಡತಿ ಹೆಚ್ಚಾಗಿ ಭೇಟಿಯಾದದ್ದು ಹದಿನಾರನೇ ಪುಟದ ಸುತ್ತಮುತ್ತ.

ಬಾಯಲ್ಲಿ ಹೇಳಿ ಬರೆಸುವುದರಲ್ಲೂ ನನ್ನ ಬುದ್ಧಿವಂತಿಕೆ ತೋರಿಸಿದೆ. ಒಂದು ದಿನ ಹೇಳುತ್ತಿರುವಾಗಲೇ ಬಾಡಿಗೆ ಬಂತು. ಮೈಕು ನಿಲ್ಲಿಸದೆ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಹೊರಟೆ. ಮಧ್ಯಾಹ್ನ ಹೆಂಡತಿಯ ಫೋನು: "ಬಾವ, ಎರಡನೇ ಅಧ್ಯಾಯದಲ್ಲಿ 'ಸಾರ್ ಡಿಕ್ಕಿ ತೆಗೀಲಾ, ಎಸಿ ಜಾಸ್ತಿ ಮಾಡ್ಲಾ' ಅಂತ ಐತೆ. ಇದು ಯಾವ ವಿದ್ವಾಂಸರ ಮಾತು?"

ಮೂರನೇ ಅಧ್ಯಾಯ ಸರದಿ ಚೀಟಿಯ ಮೇಲೆ. ಅದಕ್ಕೆ ಡ್ರೈವರ್‌ಗಳ ಅಭಿಪ್ರಾಯ ಬೇಕಿತ್ತು. ಒಬ್ಬೊಬ್ಬರನ್ನೇ ಹಿಡಿದು ಕೇಳಿ ಸಾಕಾಗಿ, ಡಾಕ್ಯುಮೆಂಟಿನ ಕೊಂಡಿಯನ್ನೇ ನಮ್ಮ ಪಾರ್ಕಿಂಗಿನ ಮೊಬೈಲ್ ಗ್ರೂಪಿಗೆ ಹಾಕಿದೆ. ಕಳಿಸುವಾಗ ಅದು ಕೇಳಿತು: ಇವರು ಬರೀ ನೋಡಬಹುದೋ, ಟಿಪ್ಪಣಿ ಬರೆಯಬಹುದೋ, ತಿದ್ದಬಹುದೋ? ನಮ್ಮ ಕಡೆ ಊಟಕ್ಕೆ ಕರೆದವರನ್ನು ಬಾಗಿಲಲ್ಲೇ ನಿಂತು ನೋಡಿಕೊಂಡು ಹೋಗಿ ಎನ್ನುವುದಿಲ್ಲ. ಮೂರರಲ್ಲಿ ದೊಡ್ಡದನ್ನೇ ಕೊಟ್ಟೆ.

ಮೊದಲು ಚೆನ್ನಾಗಿಯೇ ನಡೆಯಿತು. ಪರದೆಯ ತುದಿಯಲ್ಲಿ ಅನಾಮಧೇಯ ನರಿ, ಅನಾಮಧೇಯ ಒಂಟೆ ಎಂದು ಪ್ರಾಣಿಗಳ ಗುರುತು ಹೊತ್ತು ಡ್ರೈವರ್‌ಗಳು ಬಂದರು, ಕೊನೆಯಲ್ಲಿ ತಮ್ಮ ಮಾತು ಬರೆದು ಹೋದರು. "ಕೀ ಕೊಡೋದು ಅಂದ್ರೆ ಹೆಣ್ಣು ಕೊಟ್ಟಂಗೆ, ನಂಬ್ಕೆ ಇರ್ಬೇಕು" ಎಂದು ಒಂದು ಒಂಟೆ ಬರೆದಿತ್ತು. ಎಲ್ಲವನ್ನೂ ಜೋಡಿಸಿ, ಹೆಂಡತಿಯೂ ಒಪ್ಪಿ, ಒಂದು ಗುರುವಾರ ಐವತ್ತೆರಡು ಪುಟ ಮುಗಿಯಿತು. ಕೊಡಲು ಕೊನೆಯ ದಿನ ಸೋಮವಾರ. ನಾನು ಪಾರ್ಕಿಂಗಿನಲ್ಲಿ ಎಲ್ಲರಿಗೂ ಟೀ ಕುಡಿಸಿ, ಶನಿವಾರ ಪ್ರಿಂಟು ಎಂದು ಘೋಷಿಸಿದೆ. ಮುಗಿದದ್ದನ್ನು ಮತ್ತೆ ತೆರೆದು ನೋಡುವುದು ಅಪನಂಬಿಕೆಯವರ ಕೆಲಸ ಎಂದು ಎರಡು ದಿನ ಅದರ ಕಡೆ ತಲೆಯೇ ಹಾಕಲಿಲ್ಲ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ತೆರೆದೆ. ಒಂದೇ ಪುಟ ಇತ್ತು. ಅದರಲ್ಲಿ ಹೀಗಿತ್ತು:

"4417 ಕೀ 2093 ಹತ್ರ. 2093 ಸ್ನಾನಕ್ಕೆ ಹೋದ, ಎರಡೂ ಕೀ 7750 ಹತ್ರ. 3 ಇಡ್ಲಿ 1 ವಡೆ, ಚಟ್ನಿ ಜಾಸ್ತಿ. 6128 ನಿದ್ದೆ ಮಾಡ್ತಾವ್ನೆ ಎಬ್ಬಿಸ್ಬೇಡ್ರಿ."

ಮೇಲಕ್ಕೆ ಎಳೆದೆ, ಕೆಳಕ್ಕೆ ಎಳೆದೆ. ಮುಚ್ಚಿ ತೆರೆದೆ. ನಾನು ನೋಡುತ್ತಿರುವಾಗಲೇ ಒಂದು ನರಿ ಬಂದು "ಇನ್ನೊಂದು ಟೀ" ಎಂದು ಸೇರಿಸಿತು.

ನಮ್ಮ ಸಾಲಿನ ಹಿರಿಯ ಡ್ರೈವರ್ ಒಬ್ಬರಿದ್ದರು, ನೆಲಮಂಗಲದವರು. ಎಲ್ಲರೂ ಅವರನ್ನು ಯಜಮಾನ್ರೇ ಎನ್ನುತ್ತಿದ್ದೆವು. ಅವರ ಬಳಿಗೆ ಓಡಿದೆ. ಅವರು ಖುಷಿಯಿಂದ ನನ್ನ ಬೆನ್ನು ತಟ್ಟಿದರು.

"ಗುರು, ಭಾರಿ ಒಳ್ಳೆ ಕೆಲ್ಸ ಮಾಡ್ದೆ ಕಣೋ. ವೈಪರ್‌ಗೆ ಚೀಟಿ ಸಿಕ್ಸೋದೇ ತಪ್ಪೋಯ್ತು. ಎಲ್ಲಾರ್ ಫೋನಲ್ಲೂ ಕಾಣ್ತೈತೆ. ಬನಶಂಕರಿಗೆ ಹೋದ್ರೂ ಚೀಟಿ ಇಲ್ಲೇ ಇರ್ತೈತೆ."

"ಯಜಮಾನ್ರೇ, ಅದರಲ್ಲಿ ಮೇಲೆ ಇದ್ದಿದ್ದು?"

"ಯಾವ್ದು? ಓ, ಅದಾ? ಉದ್ದುದ್ದಕ್ಕೆ ಏನೋ ಬರ್ದಿತ್ತಲ್ಲ. ನಮ್ ಚೀಟಿಗೆ ಬರೋ ಅಷ್ಟೊತ್ತಿಗೆ ಬೆರಳು ಸವೆದು ಹೋಗೋದು. ತೆಗ್ದಾಕ್ಬಿಟ್ಟೆ. ಯಾಕೆ, ಬೇಕಿತ್ತಾ?"

ಕೆಟ್ಟದ್ದು ಮಾಡಿದವರ ಮೇಲೆ ಕೂಗಾಡಬಹುದು. ಬೆನ್ನು ತಟ್ಟಿದವರ ಮೇಲೆ ಹೇಗೆ ಕೂಗಾಡುವುದು? ಕಾರು ಹತ್ತಿ ಸಾಲಿನಿಂದ ಹೊರಗೆ ಬಂದುಬಿಟ್ಟೆ. ಹಾಗೆ ಸಾಲು ಬಿಟ್ಟು ಬಂದದ್ದು ಅದೇ ಮೊದಲು.

ಪಿಲ್ಲಗುಂಪೆಯ ಕಾರ್ಖಾನೆಯ ಗೇಟಿನ ಮುಂದೆ ನಿಂತು ಫೋನು ಮಾಡಿದೆ. ಅರ್ಧ ದಿನ ರಜೆ ಹಾಕಿ ಹೆಂಡತಿ ಹೊರಗೆ ಬಂದಳು. ಕಾರಿನಲ್ಲಿ ಕೂತು ಎಲ್ಲ ಕೇಳಿದಳು. ನಾನು ಕಾರು ಓಡಿಸುತ್ತಲೇ ಹೇಳುತ್ತ ಹೇಳುತ್ತ ಕಣ್ಣೊರೆಸಿಕೊಂಡೆ.

"ಬಾವ, ಆಮೇಲೆ ಅಳು. ಮುಂದೆ ಲಾರಿ ಐತೆ," ಎಂದಳು.

ಅವಳೇ ಮೇಡಂಗೆ ಫೋನು ಮಾಡಿದಳು. ಸ್ಪೀಕರಿನಲ್ಲಿ ಮೇಡಂ ಧ್ವನಿ: "ಹಳೇದೆಲ್ಲ ಅದರೊಳಗೇ ಇರುತ್ತಮ್ಮ, ಎಲ್ಲೂ ಹೋಗಿರಲ್ಲ. ಕಂಪ್ಯೂಟರಲ್ಲಿ ತೆಗೆದು ಹಳೆ ಆವೃತ್ತಿಗಳು ಅಂತ ಇರೋ ಕಡೆ ನೋಡಿ. ಅವರಿಗೆ ಮೊದಲನೇ ದಿನಾನೇ ಹೇಳಿದ್ದೆನಲ್ಲ?"

ಹೇಳಿದ್ದರು. ಅವತ್ತು ನಾನು ರೋಡ್ ಕಿಂಗ್ ಎಂಬ ಹೆಸರು ಮುಚ್ಚಿಡುವುದು ಹೇಗೆಂದು ಯೋಚಿಸುತ್ತಿದ್ದೆ.

ಹೊಸಕೋಟೆಯ ಸೈಬರ್ ಸೆಂಟರಿನಲ್ಲಿ ಒಂದೇ ಸ್ಟೂಲಿನ ಮೇಲೆ ಇಬ್ಬರೂ ಕೂತೆವು. ಅವಳು ಹುಡುಕಿ ಒತ್ತಿದಳು. ಬಲಗಡೆ ದಿನಾಂಕಗಳ ಉದ್ದ ಪಟ್ಟಿ ತೆರೆದುಕೊಂಡಿತು. ನಾಲ್ಕು ತಿಂಗಳ ಒಂದೊಂದು ದಿನವೂ ಅಲ್ಲಿತ್ತು. ಗುರುವಾರವನ್ನು ಒತ್ತಿದರೆ ಐವತ್ತೆರಡು ಪುಟವೂ ಅಲ್ಲಾಡದೆ ನಿಂತಿದ್ದವು. ನಾನು ಮೇಜಿಗೆ ಹಣೆ ಮುಟ್ಟಿಸಿ ನಮಸ್ಕಾರ ಮಾಡಿದೆ. ಪಕ್ಕದಲ್ಲಿ ಆಧಾರ್ ತಿದ್ದುಪಡಿಗೆ ಬಂದಿದ್ದ ಅಜ್ಜಿಯೊಬ್ಬರು ನೋಡಿ ತಾವೂ ಒಮ್ಮೆ ಕೈಮುಗಿದರು.

ಅಷ್ಟಕ್ಕೇ ಬಿಡಬಹುದಿತ್ತು. ನಾನು ಸಂತೋಷದಲ್ಲಿ ಹಿಂದಿನ ದಿನಗಳನ್ನೂ ಒತ್ತುತ್ತ ಹೋದೆ. ಪ್ರತಿ ದಿನವೂ ಯಾರು ಏನು ಬರೆದರು ಎನ್ನುವುದನ್ನು ಅದು ಬಣ್ಣದಲ್ಲಿ ತೋರಿಸುತ್ತದೆ. ನನ್ನದು ನೇರಳೆ, ಅವಳದು ಹಸಿರು. ಅಳಿಸಿದ್ದಕ್ಕೆ ಅಡ್ಡಗೆರೆ. ದಿನ ದಿನವೂ ಒಂದೇ ಕಥೆ: ನೇರಳೆ ಬಣ್ಣದಲ್ಲಿ ನಾಗಾಲೋಟ, ಮಹಾನ್ ವ್ಯವಸ್ಥೆ, ಸಾರ್ ಡಿಕ್ಕಿ ತೆಗೀಲಾ. ಎಲ್ಲದರ ಮೇಲೂ ಅಡ್ಡಗೆರೆ. ಅದರ ಜಾಗದಲ್ಲಿ ಹಸಿರಿನ ಚಿಕ್ಕ ಚಿಕ್ಕ ವಾಕ್ಯ. "ಕೀ ಕೊಟ್ಟವನು ಹಿಂದಿರುಗಿ ನೋಡುವುದಿಲ್ಲ." "ಚೀಟಿ ಕಳೆದ ದಿನವೂ ಯಾರ ಕಾರೂ ಕಳೆಯಲಿಲ್ಲ." ಇವು ನನ್ನ ವಾಕ್ಯಗಳೆಂದೇ ನಾನು ನಂಬಿಕೊಂಡಿದ್ದೆ. ಯಜಮಾನರಿಗೆ ಓದಿ ಹೇಳಿ ಮೆಚ್ಚುಗೆ ಪಡೆದಿದ್ದೆ.

"ಯಾಕ್ ಸುಮ್ನಾಗ್ಬಿಟ್ಟೆ?" ಎಂದಳು.

"ಇದೆಲ್ಲ ನಿಂದೇ ಅಲ್ವಾ?"

"ಮಾತು ನಿಂದೇ ಬಾವ. ಡ್ರೈವರ್‌ಗಳ್ನ ಕೇಳ್ದೋನು ನೀನು, ಸಾಲಲ್ಲಿ ನಿಂತೋನು ನೀನು. ನಾನು ಸುತ್ತು ತೆಗ್ದೆ, ಅಷ್ಟೇ. ಒತ್ತು ಈಗ, ಅಂಗಡಿಯವ್ರು ಊಟಕ್ಕೆ ಬಾಗ್ಲು ಹಾಕ್ತಾರೆ."

ಗುರುವಾರದ ಆವೃತ್ತಿಯನ್ನು ವಾಪಸ್ ತರುವ ಗುಂಡಿ ಒತ್ತಿದೆ. ಐವತ್ತೆರಡು ಪುಟ ಮರಳಿ ಬಂದವು. ಒಂದು ನಿಮಿಷ ಕಳೆದಿರಲಿಲ್ಲ, ಯಜಮಾನರ ಫೋನು.

"ಗುರು! ಚೀಟಿ ಎಲ್ಲೋಯ್ತೋ? ಮುಂದಿನ್ ಕಾರ್ ಹೊಂಟೋಯ್ತು, ನನ್ ಕೀ ಯಾರತ್ರ ಐತೋ ಗೊತ್ತಾಗ್ತಿಲ್ಲ! ಅದೇನೋ ಮೊದಲ್ನೇ ಅಧ್ಯಾಯ ಅಂತ ಬರ್ತಾ ಐತೆ!"

ಹಿಂದಿನಿಂದ ಹಾರನ್‌ಗಳ ಸದ್ದು ಕೇಳುತ್ತಿತ್ತು. ನನ್ನ ಒಂದು ಬೆರಳಿಗೆ ಏರ್‌ಪೋರ್ಟ್ ಪಾರ್ಕಿಂಗಿನ ಅರ್ಧ ಸಾಲು ನಿಂತುಹೋಗಿತ್ತು. ನಾನು ಗಾಬರಿಯಲ್ಲಿ ಮತ್ತೆ ಹಿಂದಕ್ಕೆ ಒತ್ತಲು ಹೋದೆ. ಹೆಂಡತಿ ನನ್ನ ಕೈಗೆ ಪಟ್ ಎಂದು ಹೊಡೆದು, ಪಟ್ಟಿಯಿಂದ ಅವತ್ತಿನ ಚೀಟಿಯನ್ನು ತೆಗೆದು, ಬೇರೆ ಹೊಸ ಡಾಕ್ಯುಮೆಂಟಿಗೆ ಅಂಟಿಸಿ, ಅದರ ಕೊಂಡಿಯನ್ನು ಗ್ರೂಪಿಗೆ ಕಳಿಸಿದಳು. ಆಮೇಲೆ ವರದಿಯನ್ನು ಯಾರೂ ತೆರೆಯದಂತೆ ಬೀಗ ಹಾಕಿದಳು. ಐದು ನಿಮಿಷದ ಮೇಲೆ ಯಜಮಾನರಿಂದ ಸಂದೇಶ ಬಂತು: "ಕೀ ಸಿಕ್ತು. 7750 ಹತ್ರಾನೇ ಇತ್ತು."

ಪ್ರಿಂಟು ಕೊಡುವ ಮೊದಲು ಅವಳು, "ಆ ಚೀಟಿನೂ ಕೊನೇಲಿ ಸೇರ್ಸು ಬಾವ. ನೀನು ಐವತ್ತು ಪುಟದಲ್ಲಿ ಹೇಳಿರೋದು ಅದ್ರಲ್ಲಿ ಕಣ್ಣಿಗೇ ಕಾಣ್ತೈತೆ," ಎಂದಳು. ಸೇರಿಸಿದೆ. ಇಡ್ಲಿ, ವಡೆ, ಚಟ್ನಿ ಜಾಸ್ತಿ ಸಮೇತ. ಸೋಮವಾರ ಬೈಂಡ್ ಮಾಡಿಸಿದ ವರದಿಯನ್ನು ಅಧ್ಯಯನ ಕೇಂದ್ರಕ್ಕೆ ಕೊಟ್ಟು ರಸೀದಿ ತೆಗೆದುಕೊಂಡೆ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಒಬ್ಬರು ಪ್ರಾಧ್ಯಾಪಕರು ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವರ ಎದುರು ಕೂತೆ. ಅವರು ವರದಿಯನ್ನು ನಿಧಾನವಾಗಿ ತಿರುವಿ, ಕನ್ನಡಕದ ಮೇಲಿನಿಂದ ನೋಡಿದರು.

"ಬಹಳ ಚೆನ್ನಾಗಿ ಬರೆದಿದೆ. ಇದು ನಿಮ್ಮ ಭಾಷೆನಾ?"

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮೇಡಂ ಕೂಡ ಹೌದು ಅನ್ನಲಿ ಎಂಬಂತೆ ನನ್ನ ಕಡೆ ನೋಡುತ್ತಿದ್ದರು. ನನ್ನ ಕಣ್ಣ ಮುಂದೆ ಹಸಿರು ಸಾಲುಗಳು ಬಂದವು.

"ಅಧ್ಯಯನ ನಂದು ಸಾರ್. ಮಾತೂ ನಂದೇ. ವಾಕ್ಯ ತಿದ್ದಿದ್ದು ನನ್ನ ಹೆಂಡತಿ. ಹೆಚ್ಚೂಕಮ್ಮಿ ಎಲ್ಲಾನೂ."

ಅವರು ವರದಿ ಮುಚ್ಚಿದರು.

"ಹಾಗಾದ್ರೆ ಇದನ್ನ ನೋಡದೆ ಹೇಳಿ. ಇಬ್ಬರ ಕೀ ಇಟ್ಟುಕೊಂಡವನಿಗೇ ಬಾಡಿಗೆ ಬಂದುಬಿಟ್ಟರೆ ಏನು ಮಾಡ್ತೀರಿ?"

ಅದು ನನಗೆ ಗೊತ್ತಿತ್ತು. ಪುಸ್ತಕದ ಒಂದು ಪದವನ್ನೂ ಸಾಲ ತರದೆ ಮಾತಾಡಿದೆ. ಯಾರಿಗೆ ಕೀ ಕೊಡುತ್ತಾರೆ, ಯಾರಿಗೆ ಕೊಡುವುದಿಲ್ಲ, ಹೊಸಬನಿಗೆ ಎಷ್ಟು ದಿನಕ್ಕೆ ಕೊಡುತ್ತಾರೆ, ಭಾಷೆ ಬೇರೆಯಾದವನಿಗೆ ಹೇಗೆ ಹೇಳುತ್ತಾರೆ, ಒಮ್ಮೆ ಮೋಸ ಮಾಡಿದವನನ್ನು ಬಯ್ಯದೆ ಹೇಗೆ ದೂರ ಇಡುತ್ತಾರೆ. ಅರ್ಧ ಗಂಟೆಯಾಯಿತು. ಅವರೇ ಕೈ ಅಡ್ಡ ಹಿಡಿದು ನಿಲ್ಲಿಸಿದರು. ಮತ್ತೆ ವರದಿ ತೆರೆದು ಮೊದಲ ಪುಟಗಳಲ್ಲಿ ಏನೋ ಹುಡುಕಿದರು.

"ಕೃತಜ್ಞತೆ ಪುಟದಲ್ಲಿ ವಿಶ್ವವಿದ್ಯಾಲಯ ಇದೆ, ಸಮಸ್ತ ಚಾಲಕ ಬಂಧುಗಳು ಇದ್ದಾರೆ, ಟೀ ಅಂಗಡಿಯವರೂ ಇದ್ದಾರೆ. ನಿಮ್ಮ ಹೆಂಡತಿ ಎಲ್ರೀ?"

ಆ ಒಂದು ಪುಟವನ್ನು ನಾನು ಬೈಂಡಿಂಗಿನ ದಿನ ಅವಳಿಗೆ ತೋರಿಸದೆ ಒಬ್ಬನೇ ಬರೆದು ಸೇರಿಸಿದ್ದೆ. ಇಡೀ ವರದಿಯಲ್ಲಿ ಅಡ್ಡಗೆರೆ ಬೀಳದೆ ಉಳಿದಿದ್ದ ನನ್ನ ಸ್ವಂತ ಗದ್ಯ ಅದೊಂದೇ. ಅವರು ತಮ್ಮ ಪೆನ್ನು ತೆಗೆದು ಮುಂದಿಟ್ಟರು.

"ಬರೀರಿ. ಆಮೇಲೆ ನಾನು ಸಹಿ ಹಾಕ್ತೀನಿ."

ಟೈಪ್ ಮಾಡಿದ ಸಾಲುಗಳ ಕೆಳಗೆ ನನ್ನ ಸೊಟ್ಟ ಅಕ್ಷರದಲ್ಲಿ ಅವಳ ಹೆಸರು ಬರೆದೆ. ಎಲ್ಲ ಪ್ರತಿಗಳಲ್ಲೂ ಬರೆಸಿದರು. ಮೇಡಂ ನಗು ತಡೆಯಲು ಕಿಟಕಿಯ ಕಡೆ ತಿರುಗಿದ್ದರು.

ಫಲಿತಾಂಶ ಬಂದು, ಐದಾರು ತಿಂಗಳ ಮೇಲೆ ಪದವಿ ಪ್ರಮಾಣಪತ್ರವೂ ಬಂತು. ಅಧ್ಯಯನ ಕೇಂದ್ರದ ಕೌಂಟರಿನಲ್ಲಿ ಗುಮಾಸ್ತರೊಬ್ಬರು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ನನ್ನ ಕೈಗಿಟ್ಟರು. "ಮಡಚ್ಬೇಡಿ," ಎಂದರು, ಅಷ್ಟೇ. ಮಡಚುವುದಿರಲಿ, ಉಸಿರು ಬಿಟ್ಟರೆ ಎಲ್ಲಿ ಒದ್ದೆಯಾದೀತೋ ಎಂದು ನಾನು ಮುಖ ಆಚೆ ತಿರುಗಿಸಿಕೊಂಡಿದ್ದೆ. ಹೊರಗೆ ಕಾರಿನಲ್ಲಿ ಹೆಂಡತಿ ಕಾಯುತ್ತಿದ್ದಳು. ಅಲ್ಲಿಂದ ನೇರವಾಗಿ ಮಾವನ ಮನೆಗೆ ಹೋದೆವು.

ಮಾವ ನಾಲ್ಕನೇ ತರಗತಿಯವರೆಗೆ ಓದಿದವರು. ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದವರು ಕೈ ತೊಳೆದು, ಟವೆಲಿನಲ್ಲಿ ಒರೆಸಿಕೊಂಡು ಜಗುಲಿಯ ಮೇಲೆ ಕೂತರು. ಪ್ರಮಾಣಪತ್ರವನ್ನು ಬೆಳಕಿಗೆ ಹಿಡಿದು ನನ್ನ ಹೆಸರಿನ ಮೇಲೆ ಬೆರಳಾಡಿಸಿದರು. ಆಮೇಲೆ ವರದಿ ಕೇಳಿದರು. ಕೊಟ್ಟೆ. ಮೊದಲ ಪುಟಗಳನ್ನು ಒಂದೊಂದೇ ಮಗುಚುತ್ತ, ಪೆನ್ನಿನಲ್ಲಿ ಬರೆದ ಸಾಲಿನ ಹತ್ತಿರ ನಿಂತರು. ಅದನ್ನು ಅಕ್ಷರ ಅಕ್ಷರವಾಗಿ ಗಟ್ಟಿಯಾಗಿ ಓದಿದರು. ಮಗಳ ಹೆಸರು ಬಂದಾಗ ಇನ್ನೊಮ್ಮೆ ಓದಿದರು.

ಅವಳು ಬಾಗಿಲ ಹತ್ತಿರ ನಿಂತಿದ್ದಳು. ಮಾವ ಪ್ರಮಾಣಪತ್ರವನ್ನು ನನಗೆ ಕೊಡಲಿಲ್ಲ. ಎದ್ದು ಹೋಗಿ ಅವಳ ಕೈಗೆ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು:

"ನಿಂಗೆ ಎಂಟು ವರ್ಷ ಹಿಡೀತಲ್ಲಪ್ಪಾ. ಇವಳ್ನ ಓದಿಸಿದ್ದಿದ್ರೆ ಮೂರೇ ವರ್ಷಕ್ಕೆ ತಂದು ಕೈಗೆ ಕೊಡೋಳು. ತಪ್ಪು ಮಾಡ್ಬಿಟ್ಟೆ ನಾನು."